ಹಾಲು ಬಿಟ್ಟವನ ಕರುಣೆ

ಹೋದ ಚಳಿಗಾಲದಲ್ಲಿ ಅಮ್ಮ ತುಮಕೂರಿನಿಂದ ಮಸ್ಕತ್‌ಗೆ ಬಂದಿದ್ದಳು. ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಮೊದಲ ಬೆಳಗ್ಗೆ ಫ್ರಿಜ್ ತೆಗೆದು ನೋಡಿ, "ಹಾಲೆಲ್ಲೋ?" ಅಂದ್ಲು. ಹಾಲು, ಮೊಸರು, ತುಪ್ಪ ಬಿಟ್ಟು ಎರಡು ವರ್ಷ ಆಗಿತ್ತು. ಫೋನಿನಲ್ಲಿ ಹೇಳಿರಲೇ ಇಲ್ಲ.

"ಯಾಕೆ, ಹೊಟ್ಟೆಗೆ ಆಗಲ್ವಾ?"

"ಹಾಗಲ್ಲಮ್ಮ, ಹಸುಗಳ ಮೇಲಿನ ಕರುಣೆಗೆ."

ಹೇಳಿದ ಮೇಲೆ ನನಗೇ ಅದು ನಾಟಕದ ಡೈಲಾಗ್ ಥರ ಕೇಳಿಸ್ತು. ಅಮ್ಮನಿಗೆ ಮಾತ್ರ ನಿಜಕ್ಕೂ ಬೇಜಾರಾಯ್ತು. "ಅಜ್ಜನ ಮನೆ ಹಸುಗೆ ನಾವೇನು ಕಮ್ಮಿ ಮಾಡಿದ್ವಿ? ಅದು ಕರು ಹಾಕೋ ರಾತ್ರಿ ನಿಮ್ಮಜ್ಜಿ ನಿದ್ದೆ ಮಾಡ್ತಿರ್ಲಿಲ್ಲ." ಅದು ಸುಳ್ಳಲ್ಲ. ನಾನು ಕೇಳಿದೆ: "ಗಂಡು ಕರು ಹುಟ್ಟಿದ್ರೆ?" "ಉಳುಮೆಗೆ ಇಟ್ಕೋತಿದ್ವಿ." "ಟ್ರ್ಯಾಕ್ಟರ್ ಬಂದ ಮೇಲೆ?" ಅಮ್ಮ ಒಲೆ ಕಡೆ ತಿರುಗಿದ್ಲು. "ಸಂತೆಗೆ ಹೊಡ್ಕೊಂಡು ಹೋಗ್ತಿದ್ರು."

ನೀವೂ ನನ್ನ ಹಾಗೆ ಸಸ್ಯಾಹಾರಿ ಮನೆಯಲ್ಲಿ ಬೆಳೆದಿದ್ದರೆ, 'ನಾವು ಯಾವ ಪ್ರಾಣಿಗೂ ನೋವು ಕೊಡಲ್ಲ' ಅಂತ ನಂಬಿಕೊಂಡೇ ಬೆಳೆದಿರುತ್ತೀರಿ. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು, ಹುಟ್ಟುವ ಕರುಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಇಷ್ಟು ಸರಳ ಲೆಕ್ಕ. ದಿನವಿಡೀ ಡೇಟಾ ನೋಡುವ ಕೆಲಸದ ನಾನು ಇದನ್ನು ಮೂವತ್ತು ವರ್ಷ ಮಾಡಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಸಸ್ಯಾಹಾರ ಅಂದರೆ ಬರೀ ಊಟವಲ್ಲ, ಜಾತಿಯೂ ಹೌದು. ಊರಿನ ನಮ್ಮ ಮನೆಯ ಗೇಟಿಗೆ 'ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆಗೆ' ಅನ್ನೋ ಬೋರ್ಡ್ ಇತ್ತು. ಕೋಳಿಯ ಮೇಲೆ ಕರುಣೆ ಸರಿ, ಮನೆ ಹುಡುಕಿಕೊಂಡು ಬಂದ ಮನುಷ್ಯನನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದು ಏನು?

ಅಮ್ಮ ಬರುವ ಮೊದಲು, ಈದ್‌ಗೆ ನಿಜ್ವಾದ ಸಹೋದ್ಯೋಗಿಯೊಬ್ಬ ಮನೆಗೆ ಕರೆದಿದ್ದ. ಅವತ್ತು ಶುವಾ: ಮಸಾಲೆ ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ನೆಲದೊಳಗಿನ ಕೆಂಡದ ಗುಂಡಿಯಲ್ಲಿ ಒಂದೆರಡು ದಿನ ಬೇಯಿಸುತ್ತಾರೆ. ನಾನು ಖರ್ಜೂರ, ಅನ್ನ ತಿಂದೆ. ಅವನು ತಮಾಷೆಯಾಗಿಯೇ ಹೇಳಿದ, "ಈ ಆಡಿಗೆ ನಾನೇ ಕೈಯಾರೆ ಮೇವು ಹಾಕಿದ್ದೆ. ನೀನು ಇಷ್ಟು ವರ್ಷ ಕುಡಿದ ಹಾಲಿನ ಹಸು ಎಲ್ಲಿತ್ತು, ಗೊತ್ತಾ?" ಗೊತ್ತಿರಲಿಲ್ಲ. ಆಮೇಲೆ ಹುಡುಕಿದೆ. ಕೊಲ್ಲಿಯ ಅಂಗಡಿಗಳಲ್ಲೆಲ್ಲ ಸಿಗುವ ಅಲ್ಮರಾಯ್ ಸೌದಿ ಕಂಪನಿ. ತನ್ನ ಹಸುಗಳ ಮೇವು ಬೆಳೆಯೋಕೆ 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಜಮೀನು ಕೊಂಡಿತ್ತು. ಒಂದು ಮರುಭೂಮಿಯ ಅಂತರ್ಜಲ ಹುಲ್ಲಾಗಿ ಹಡಗು ಹತ್ತಿ ಇನ್ನೊಂದು ಮರುಭೂಮಿಗೆ!

ಜನ್ನನ 'ಯಶೋಧರ ಚರಿತೆ' (1209) ನಿಮಗೆ ಗೊತ್ತಿರಬಹುದು. ರಾಜನಿಗೆ ಕೆಟ್ಟ ಕನಸು ಬೀಳುತ್ತೆ, ತಾಯಿ ಬಲಿ ಕೊಡು ಅಂತಾಳೆ. ಅವನು ಒಪ್ಪದಿದ್ದಾಗ ಹಿಟ್ಟಿನ ಕೋಳಿಯಾದರೂ ಕೊಡು ಅಂತಾಳೆ, ಅವನು ಕೊಡ್ತಾನೆ. ಜೀವ ಇಲ್ಲದ ಕೋಳಿಯನ್ನು ಕಡಿದರೂ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪ ಇತ್ತಲ್ಲ, ಅದಕ್ಕೇ ತಾಯಿ-ಮಗ ಇಬ್ಬರೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ ಸಾಯ್ತಾರೆ. ನಮ್ಮದು ಉಲ್ಟಾ ಕೇಸು. ಕಾಫಿ ಕುಡಿಯುವಾಗ ಯಾರಿಗೂ ಕೊಲ್ಲುವ ಸಂಕಲ್ಪ ಇರಲ್ಲ, ಆದರೂ ಕರು ಸಂತೆಗೆ ಹೋಗುತ್ತೆ. ಜನ್ನನ ಅಳತೆಗೋಲಿನಲ್ಲಿ ಅಮ್ಮ ನಿರ್ದೋಷಿ. ನನಗೆ ಆ ಅಳತೆ ಸಾಲದು ಅನಿಸುತ್ತೆ. ಗೊತ್ತಿಲ್ಲದೆ ಮಾಡಿದ್ದು ಬೇರೆ, ಗೊತ್ತಾದ ಮೇಲೂ ಮಾಡೋದು ಬೇರೆ. ನನಗೆ ಈಗ ಗೊತ್ತಿದೆ.

ಗೊತ್ತಾಗಿದ್ದು ಇಷ್ಟು: 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಅನ್ನೋರು 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಸೇರಿಸಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಆಹಾರ ಎಲ್ಲಿಂದ ಬಂತು ಅನ್ನೋದಕ್ಕಿಂತ ಅದು ಏನು ಅನ್ನೋದೇ ಭೂಮಿಗೆ ಹೆಚ್ಚು ಮುಖ್ಯ. ಅಂದರೆ ಭಾರತದಿಂದ ಹಡಗಿನಲ್ಲಿ ಬಂದ ತೊಗರಿಬೇಳೆ ತಿನ್ನೋಕೆ ನಾನು ಸಂಕೋಚ ಪಡಬೇಕಿಲ್ಲ.

ಆರೋಗ್ಯದ ವಿಷಯದಲ್ಲಿ ಮಾತ್ರ ಜಂಬ ಬೇಡ. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿನಲ್ಲಿ ಸುಮಾರು 120 (ರಾಗಿಯದ್ದೆಲ್ಲ ಮೈಗೆ ಹತ್ತಲ್ಲ, ಅದೂ ನಿಜ). ಆದರೆ ಬಿ12 ಗಿಡಗಳಿಂದ ಸಿಗಲ್ಲ. ಮೊದಲ ವರ್ಷ ಮಾತ್ರೆ ತಗೊಳ್ಳದೆ ನಾನು ಸುಸ್ತಾಗಿ ಬಿದ್ದಿದ್ದೆ. ಈಗ ತಪ್ಪದೆ ತಗೋತೀನಿ. ತಗೊಳ್ಳೋಕೆ ನನ್ನ ಹತ್ತಿರ ದುಡ್ಡಿದೆ ಅನ್ನೋದೂ ಮುಖ್ಯ. 2021ರ ಕೊನೆಯಲ್ಲಿ ರಾಯಚೂರು, ಯಾದಗಿರಿ ಕಡೆಯ ಶಾಲೆಗಳಲ್ಲಿ ಸರ್ಕಾರ ಬಿಸಿಯೂಟದ ಜೊತೆ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ವಿರೋಧಿಸಿದರು. ನಾನು ಮೊಟ್ಟೆ ತಿನ್ನಲ್ಲ. ಆದರೆ ಆ ಮಕ್ಕಳ ತಟ್ಟೆಯಿಂದ ಅದನ್ನು ತೆಗೆಸೋದನ್ನು ಕರುಣೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಅಮ್ಮ ಒಂದು ತಿಂಗಳು ಇದ್ಲು. ತನಗೆ ಹಾಲು ತರಿಸಿಕೊಂಡ್ಲು, ನನಗೆ ತೆಂಗಿನಹಾಲಿನ ಕಾಫಿ ಮಾಡಿಕೊಟ್ಲು. ಅದು ಚೆನ್ನಾಗಿರಲ್ಲ ಅಂತ ದಿನಾ ಹೇಳ್ತಾನೂ ಇದ್ಲು. ಹೊರಡೋ ದಿನ ಒಬ್ಬಟ್ಟು ಮಾಡಿದ್ಲು. ನಾನು ಬೇಡ ಅನ್ನೋದ್ರೊಳಗೆ ಅಭ್ಯಾಸಬಲದಿಂದ ಮೇಲೆ ತುಪ್ಪ ಸುರಿದಾಗಿತ್ತು. ಸುರಿದವಳೇ ನಾಲಿಗೆ ಕಚ್ಚಿಕೊಂಡು ನನ್ನ ಮುಖ ನೋಡಿದ್ಲು.

ತಿಂದೆ. ನೀವಾಗಿದ್ದರೆ ಏನು ಮಾಡ್ತಿದ್ರಿ?