ನೂಲು ಮೊಟ್ಟೆಯಲ್ಲೇ ಇತ್ತೇ?

ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ರಾಮನಗರದ ಮಾರುಕಟ್ಟೆಗೆ ಬಂದ ರೇಷ್ಮೆಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಪ್ಯೂಪಾ ಕಟಕಟ ಎನ್ನುತ್ತದೆ. ಒಂದೂವರೆ ತಿಂಗಳ ಹಿಂದೆ ಅದು ಸಾಸಿವೆಯಷ್ಟು ಮೊಟ್ಟೆ. ಈ ನೂಲು ಆ ಮೊಟ್ಟೆಯಲ್ಲೇ ಇತ್ತೇ, ಇಲ್ಲ ಹೊಸದಾಗಿ ಹುಟ್ಟಿತೇ?

ನಮ್ಮ ದರ್ಶನಗಳಲ್ಲಿ ಇದು ಹಳೆಯ ವಾದ. ಸಾಂಖ್ಯರದು ಸತ್ಕಾರ್ಯವಾದ: ಕಾರ್ಯವು ಕಾರಣದೊಳಗೆ ಮೊದಲೇ ಅವ್ಯಕ್ತವಾಗಿ ಇರುತ್ತದೆ, ಎಳ್ಳಿನಲ್ಲಿ ಎಣ್ಣೆಯಿದೆ, ಮರಳಿನಲ್ಲಿಲ್ಲ. ನೈಯಾಯಿಕರು ಒಪ್ಪುವುದಿಲ್ಲ. ಮಡಕೆ ಮಣ್ಣಿನಲ್ಲೇ ಇದ್ದರೆ ಕುಂಬಾರನೇಕೆ ಬೇಕು?

ಹುಳುವನ್ನೇ ಸಾಕ್ಷಿಗೆ ಕರೆಯೋಣ. ನೂಲಿನ ಮುಖ್ಯ ಪ್ರೋಟೀನ್ ಫೈಬ್ರಾಯಿನ್. ಅದರ ಜೀನ್ ಹುಳುವಿನ ಕಾಲು, ಕಣ್ಣು, ಕರುಳಿನ ಜೀವಕೋಶಗಳಲ್ಲೂ ಇದೆ. ಆದರೆ ಫೈಬ್ರಾಯಿನ್ ತಯಾರಾಗುವುದು ರೇಷ್ಮೆಗ್ರಂಥಿಯ ಹಿಂಭಾಗದಲ್ಲಿ ಮಾತ್ರ, ಅಲ್ಲೂ ಸದಾ ಅಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಮೇವು ಬಿಟ್ಟಾಗ, ರೈತರು ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರಲ್ಲ, ಆಗ ಆ ಜೀನ್ ಕೂಡ ಸುಮ್ಮನಾಗುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಆರ್ಭಟ ನೋಡಬೇಕು! ಒಂದು ಜೀನ್‌ನಿಂದ ಸುಮಾರು 10,000 ಆರ್‌ಎನ್‌ಎ ಪ್ರತಿಗಳು, ಒಂದೊಂದು ಪ್ರತಿಯಿಂದ ಸುಮಾರು 1 ಲಕ್ಷ ಪ್ರೋಟೀನ್ ಅಣುಗಳು, ಅದೂ ಕೆಲವೇ ದಿನಗಳಲ್ಲಿ. 1972ರಲ್ಲಿ ಸುಝುಕಿ, ಗೇಜ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳು ಹಾಕಿದ ಲೆಕ್ಕವಿದು. ಫೈಬ್ರಾಯಿನ್‌ಗೆ ಹೇರಳವಾಗಿ ಬೇಕಾದ ಗ್ಲೈಸಿನ್, ಅಲನಿನ್‌ಗಳನ್ನು ಹೊತ್ತು ತರುವ ಟಿಆರ್‌ಎನ್‌ಎಗಳನ್ನೂ ಗ್ರಂಥಿ ಅದೇ ಹೊತ್ತಿಗೆ ಹೆಚ್ಚಿಸಿಕೊಳ್ಳುತ್ತದೆ.

ಎಳ್ಳಿದ್ದರೆ ಸಾಲದು, ಗಾಣ ತಿರುಗಬೇಕು. ಹೊತ್ತಿಗೆ ಸರಿಯಾಗಿ ನಿಲ್ಲಲೂ ಬೇಕು. ಅವ್ಯಕ್ತವನ್ನು ವ್ಯಕ್ತಗೊಳಿಸುವ ಕ್ರಿಯೆ ಬೇಕೆಂದು ಸಾಂಖ್ಯರೂ ಹೇಳುತ್ತಾರೆ. ಆದ್ದರಿಂದ ನನ್ನ ಒಲವು ಅವರ ಕಡೆಗೇ. ಆದರೆ ಆ ಕ್ರಿಯೆಯ ಹದ ತಪ್ಪಿದರೆ ಏನಾಗುತ್ತದೆಂಬುದನ್ನು ನಾವು ಹುಳುಮನೆಯಲ್ಲೇ ಕಾಣಬಹುದು.

ಹಾಲುತೊಂಡೆ ರೋಗ ತಗುಲಿದ ಹುಳುವಿನ ಮೈ ಊದಿ, ಚರ್ಮ ಹೊಳೆದು, ಹರಿದಲ್ಲಿ ಹಾಲಿನಂಥ ರಸ ಒಸರುತ್ತದೆ. ವೈರಸ್ ಒಳಹೊಕ್ಕು, ಹುಳುವಿನದೇ ಜೀವಕೋಶಗಳಿಂದ ತನ್ನ ಪಾಲಿಹೆಡ್ರಿನ್ ಪ್ರೋಟೀನನ್ನು ರಾಶಿರಾಶಿಯಾಗಿ ಮಾಡಿಸಿಕೊಂಡಿರುತ್ತದೆ. ಗಾಣ ಮನೆಯದು, ಎಳ್ಳು ಪರರದು.

ನಮ್ಮ ಮೈಯಲ್ಲೂ ಈ ಹದ ತಪ್ಪುವುದುಂಟು, ಆದರೆ ಮುಪ್ಪಿನ ಕಷ್ಟ ಬೇರೆ ಬಗೆಯದು. ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕೆಟ್ಟವನ್ನು ಗುಡಿಸುವ ಶಕ್ತಿಯೂ ಕುಗ್ಗುತ್ತದೆ. ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಇಂಥ ಪ್ರೋಟೀನ್‌ಗಳೇ ಗಂಟುಕಟ್ಟಿರುತ್ತವೆ. ಪ್ರೋಟೀನ್ ತಯಾರಿಕೆಯನ್ನು ಚುರುಕುಗೊಳಿಸುವ ಟಾರ್ ಎಂಬ ನಿಯಂತ್ರಕವನ್ನು ರಾಪಮೈಸಿನ್ ಔಷಧದಿಂದ ತಗ್ಗಿಸಿದಾಗ, ವಯಸ್ಸಾದ ಇಲಿಗಳೂ ಹೆಚ್ಚು ಕಾಲ ಬದುಕಿದವೆಂದು 2009ರಲ್ಲಿ ಗೊತ್ತಾಯಿತು.

ಈಗ ಆ ಗೂಡನ್ನು ಮತ್ತೊಮ್ಮೆ ಅಲ್ಲಾಡಿಸಿ. ಹುಳು ಗೂಡು ಕಟ್ಟುವ ಚಂದ್ರಿಕೆಯ ಮೇಲೆ ಇಷ್ಟು ನೂಲು ಕೊಟ್ಟ ಗ್ರಂಥಿ, ಕಟಕಟ ಎನ್ನುವ ಆ ಪ್ಯೂಪಾದೊಳಗೆ ಕರಗಿಹೋಗಿದೆ. ಜೀನ್ ಮಾತ್ರ ಅದರ ಜೀವಕೋಶಗಳಲ್ಲಿ ಹಾಗೆಯೇ ಇದೆ.