ಬಾಯಿಪಾಠದ ಅಮ್ಮ

ಹತ್ತನೆಯ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಅಮ್ಮಂದಿರೆಲ್ಲ ಒಂದೇ ಥರ ಇರುತ್ತಾರೆ. ಬೆಳಗಿನ ಜಾವ ಏಳುತ್ತಾರೆ, ರುಚಿಯಾಗಿ ಅಡುಗೆ ಮಾಡುತ್ತಾರೆ, ಎಂದೂ ಗದರುವುದಿಲ್ಲ, ಕೊನೆಯ ಸಾಲಿನಲ್ಲಿ ದೇವರಾಗಿಬಿಡುತ್ತಾರೆ. ನನ್ನ ಶಾಲೆ ಇರುವುದು ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ. ಇಲ್ಲಿ ಎಷ್ಟೋ ಮಕ್ಕಳ ತಾಯಂದಿರು ಕೊಬ್ಬರಿ ಕೆಲಸಕ್ಕೆ ಹೋಗುತ್ತಾರೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆಗೆ ಏಟು ಬೀಳದ ಹಾಗೆ ಬಿಡಿಸಬೇಕು. ಆ ಕೆಲಸವೂ ಆ ಕೈಗಳೂ ಪ್ರಬಂಧದೊಳಗೆ ಬರುವುದಿಲ್ಲ. ಬಂದರೆ ಇಂಗ್ಲಿಷ್ ಕೆಡುತ್ತದೆ, ಅಂಕ ಹೋಗುತ್ತದೆ ಎಂಬ ಹೆದರಿಕೆ.

ಇದನ್ನು ನಾನು ಧರ್ಮದ ಪ್ರಶ್ನೆ ಎಂದೇ ನೋಡುತ್ತೇನೆ. ತನ್ನದಲ್ಲದ ತಾಯಿಯ ಬಗ್ಗೆ ಬರೆದು ನಾಲ್ಕಕ್ಕೆ ನಾಲ್ಕು ಪಡೆದ ಮಗು ಸುಳ್ಳು ಹೇಳಿತೆ? ಹೇಳಿದ್ದರೆ, ಆ ಸುಳ್ಳನ್ನು ಕಲಿಸುವ, ತಿದ್ದುವ, ಕೆಂಪು ಶಾಯಿಯಲ್ಲಿ ಅದಕ್ಕೆ ಬೆಲೆ ಕಟ್ಟುವ ಶಿಕ್ಷಕಿಯ ಪಾಲೆಷ್ಟು?

ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪರೀಕ್ಷೆ 80 ಅಂಕದ್ದು, ಇನ್ನು 20 ಆಂತರಿಕ ಮೌಲ್ಯಮಾಪನದ್ದು. ಪತ್ರಕ್ಕೆ ಐದು, ಪ್ರಬಂಧಕ್ಕೆ ನಾಲ್ಕು, ಕಂಠಪಾಠದ ಪದ್ಯಕ್ಕೆ ನಾಲ್ಕು. ಪತ್ರದ ಪ್ರಶ್ನೆಯಲ್ಲಿ ನೀನು ಇಂಥ ಹೆಸರಿನ ಹುಡುಗ ಅಥವಾ ಹುಡುಗಿ, ಇಂಥ ಊರಿನ ಶಾಲೆಯಲ್ಲಿ ಓದುತ್ತಿದ್ದೀಯ ಎಂದು ಭಾವಿಸಿಕೋ ಎಂದಿರುತ್ತದೆ. ಇದರಲ್ಲಿ ನನಗೆ ಸುಳ್ಳು ಕಾಣುವುದಿಲ್ಲ. ಇನ್ನೊಬ್ಬರ ಹೆಸರು ಹೊತ್ತು ಮಾತಾಡುವುದು ನಮ್ಮ ಬಯಲಾಟದ ಮಕ್ಕಳಿಗೆ ಹೊಸದೇ? ಬರೆಯುವ ಮಗುವಿಗೂ ಓದುವ ನನಗೂ ಇದು ವೇಷ ಎಂದು ಗೊತ್ತಿದೆ. ಪ್ರಬಂಧದ ಕಥೆ ಬೇರೆ. ಅಲ್ಲಿ ಮಗು ತನ್ನ ಹೆಸರಲ್ಲೇ, ತನ್ನ ಅಮ್ಮ ಎಂದೇ ಬರೆಯುತ್ತದೆ. ವೇಷ ತೊಟ್ಟಿದ್ದೇನೆಂಬ ಅರಿವೂ ಅದಕ್ಕಿರುವುದಿಲ್ಲ.

ಬಾಯಿಪಾಠವೇ ತಪ್ಪು ಎನ್ನುವವರ ಜೊತೆಗೂ ನಾನಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದೇಹ, ಮಾತು, ಮನಸ್ಸು ಎಂದು ಮೂರು ಬಗೆಯ ತಪಸ್ಸು ಹೇಳಿದೆ. ಮಾತಿನ ತಪಸ್ಸಿಗೆ ಅಲ್ಲಿ ಕೊಟ್ಟ ಲಕ್ಷಣಗಳನ್ನು ನಾನು ವರ್ಷಗಳಿಂದ ತಿರುವಿಹಾಕುತ್ತಿದ್ದೇನೆ: ಕೇಳಿದವರನ್ನು ಕಲಕಬಾರದು, ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವಾಗಿರಬೇಕು, ಅದೇ ಉಸಿರಿನಲ್ಲಿ ಸ್ವಾಧ್ಯಾಯದ ಅಭ್ಯಾಸವನ್ನೂ ಸೇರಿಸಿದೆ. ಓದಿದ್ದನ್ನೇ ಮತ್ತೆ ಮತ್ತೆ ಹೇಳಿ ನಾಲಿಗೆಗೆ ಹತ್ತಿಸಿಕೊಳ್ಳುವುದು ಸತ್ಯದ ಪಕ್ಕದಲ್ಲೇ ಕೂತಿದೆ. ಹಾಗಾಗಿ ಮಗ್ಗಿಯನ್ನೋ ವಚನವನ್ನೋ ಬಾಯಿಗೆ ತಂದುಕೊಂಡ ಮಗು ಇಂಗ್ಲಿಷ್ ಪತ್ರದ ಒಕ್ಕಣೆಯನ್ನು ಕಂಠಪಾಠ ಮಾಡಿದರೆ ನನಗೆ ಸಂತೋಷವೇ. ವಿಳಾಸ, ದಿನಾಂಕ, ಸಂಬೋಧನೆ, ಮುಕ್ತಾಯ ಇವೆಲ್ಲ ಬಾಯಿಗೆ ಬಂದಿರಬೇಕಾದ್ದೇ. ಕಂಠಪಾಠ ಮಾಡಿದ್ದರ ಒಳಗೆ ಮಗು ತಾನು ಎಲ್ಲಿಯೂ ಇಲ್ಲದೆ ಹೋದಾಗ ಮಾತ್ರ ನನಗೆ ಕಷ್ಟವಾಗುತ್ತದೆ.

ಆ ಶ್ಲೋಕದ ಭಾಷ್ಯದಲ್ಲಿ ಶಂಕರರು ಬಿಗಿಯಾದ ಮಾತು ಹೇಳಿದ್ದಾರೆ. ಈ ಲಕ್ಷಣಗಳಲ್ಲಿ ಒಂದು ಕಡಿಮೆಯಾದರೂ ಅದು ವಾಙ್ಮಯ ತಪಸ್ಸಲ್ಲ. ಸತ್ಯವಿದ್ದು ಹಿತವಿಲ್ಲದಿದ್ದರೆ ಸಾಲದು, ಹಿತವಿದ್ದು ಸತ್ಯವಿಲ್ಲದಿದ್ದರೂ ಸಾಲದು. ಉದಾಹರಣೆಗೆ ಅವರು ಆರಿಸಿಕೊಂಡದ್ದು ಹಿರಿಯರೊಬ್ಬರು ಎಳೆಯನಿಗೆ ಹೇಳುವ ಮಾತು: ಮಗು ಶಾಂತನಾಗಿರು, ಸ್ವಾಧ್ಯಾಯವನ್ನೂ ಯೋಗವನ್ನೂ ನಡೆಸು, ನಿನಗೆ ಒಳ್ಳೆಯದಾಗುತ್ತದೆ ಎಂಬ ಅರ್ಥದ್ದು. ಗುರು ಶಿಷ್ಯನಿಗೆ ಆಡುವ ಮಾತಿನ ದನಿ ಅದು. ಭಾಷ್ಯದಲ್ಲಿ ಇದನ್ನು ಮೊದಲ ಸಲ ಓದಿದಾಗ ತಿದ್ದಲು ಮುಂದಿದ್ದ ನೋಟ್‌ಬುಕ್ಕುಗಳ ಕಡೆಗೇ ನನ್ನ ಮನಸ್ಸು ಹೋಯಿತು.

ನನ್ನ ಜೊತೆಯ ಮೇಷ್ಟ್ರೊಬ್ಬರು ಹಿತದ ಪಕ್ಷ. 'ಮೇಡಂ, ಮೊದಲು ಪಾಸಾಗಲಿ, ಸತ್ಯ ಆಮೇಲೆ ತಾನೇ ಬರುತ್ತೆ' ಎನ್ನುತ್ತಾರೆ. ನಿಧಾನ ಕಲಿಕೆಯ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಸಿದ್ಧಮಾಡುವವರು ಅವರೇ. ಒಂದು ಪತ್ರ, ಎರಡು ಪ್ರಬಂಧ, ಒಂದು ಪದ್ಯ, ಸಂಜೆ ಆರರವರೆಗೆ ಕೂರಿಸಿ ಬರೆಸುತ್ತಾರೆ. ಅವರ ಮಾತನ್ನು ತಳ್ಳಿಹಾಕಲು ನನ್ನಿಂದಾಗದು. ಇಂಗ್ಲಿಷಿನಲ್ಲಿ ನಾಲ್ಕೇ ಅಂಕ ಸಾಲದೆ ಐಟಿಐ ಬಾಗಿಲವರೆಗೂ ಹೋಗಲಾಗದೆ ನಿಂತ ಹುಡುಗರನ್ನು ಇಬ್ಬರೂ ನೋಡಿದ್ದೇವೆ. ಆ ಹುಡುಗರ ಮುಂದೆ ಸತ್ಯದ ಪಾಠ ಹೇಳುವುದು ಕ್ರೌರ್ಯ. ಆದರೆ ಶಂಕರರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿ ಎನ್ನಲಿಲ್ಲವಲ್ಲ. ಎರಡೂ ಒಟ್ಟಿಗೆ ಆಗುವ ದಾರಿ ಯಾವುದು?

ನಾನು ಹಿಡಿದಿರುವ ದಾರಿ ಸಣ್ಣದು. ಮಕ್ಕಳ ಹತ್ತಿರ ಒಂದು ತೆಳು ನೋಟ್‌ಬುಕ್ ಇದೆ. ದಿನಾ ಅದರಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು ಬರೆಯಬೇಕು. ನೆನ್ನೆ ಕಂಡದ್ದು, ಕೇಳಿದ್ದು, ಮಾಡಿದ್ದು. ಗೊತ್ತಿಲ್ಲದ ಪದಕ್ಕೆ ಕನ್ನಡವನ್ನೇ ಹಾಕಬಹುದು. ಅಂಕವಿಲ್ಲ. ನಾನು ತಪ್ಪಿಗೆ ಗೆರೆ ಎಳೆಯುವುದಿಲ್ಲ, ಕೆಳಗೆ ಒಂದು ಪ್ರಶ್ನೆ ಬರೆಯುತ್ತೇನೆ. ಒಬ್ಬ ಹುಡುಗಿ ಬರೆದಳು: 'ಮೈ ಮದರ್ ಬ್ರೇಕ್ ಕೊಬ್ಬರಿ. ಹರ್ ಹ್ಯಾಂಡ್ ಹ್ಯಾವ್ ಕಟ್. ಶೀ ನಾಟ್ ಟೆಲ್ ಪೇನ್.' ಮೂರು ಸಾಲಿನಲ್ಲೂ ಕ್ರಿಯಾಪದ ತಪ್ಪಿದೆ. ಗಾಯಕ್ಕೆ ಏನು ಹಚ್ಚುತ್ತಾರೆ ಎಂದು ಕೇಳಿ ಬರೆದೆ. ಮರುದಿನದ ಉತ್ತರ: 'ಟರ್ಮರಿಕ್. ಸಮ್‌ಟೈಮ್ಸ್ ನಥಿಂಗ್.' ಇದರಲ್ಲಿ ತಿದ್ದಲು ಏನೂ ಇರಲಿಲ್ಲ. ಹೇಳಲೇಬೇಕಾದ ವಿಷಯ ಸಿಕ್ಕಿದಾಗ ಭಾಷೆ ತಾನಾಗಿ ನೆಟ್ಟಗಾಗುವುದನ್ನು ಈ ನೋಟ್‌ಬುಕ್ಕುಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಜನವರಿಯ ಹೊತ್ತಿಗೆ ಆ ಹುಡುಗಿಯ ಪ್ರಬಂಧದಲ್ಲಿ ಪ್ಯಾಕೇಜಿನ ಮೊದಲ ಸಾಲೂ ಕೊನೆಯ ಸಾಲೂ ಹಾಗೇ ಇದ್ದವು. ನಡುವೆ ಅವಳ ಅಮ್ಮ ಇದ್ದಳು, ಕ್ರಿಯಾಪದ ಸಮೇತ ಸರಿಯಾಗಿ.

ಗಾಂಧೀಜಿಯವರ ಆತ್ಮಕಥೆಯ ಒಂದು ಪ್ರಸಂಗ ಎಲ್ಲರಿಗೂ ಗೊತ್ತು. ರಾಜಕೋಟೆಯ ಹೈಸ್ಕೂಲಿನ ಮೊದಲ ವರ್ಷ. ತನಿಖೆಗೆ ಬಂದ ಜೈಲ್ಸ್ ಎಂಬ ಶಿಕ್ಷಣಾಧಿಕಾರಿ ಐದು ಇಂಗ್ಲಿಷ್ ಪದಗಳ ಕಾಗುಣಿತ ಬರೆಯಲು ಹೇಳಿದರು. 'ಕೆಟಲ್' ಪದವನ್ನು ಹುಡುಗ ತಪ್ಪಾಗಿ ಬರೆದ. ಶಿಕ್ಷಕರು ಬೂಟಿನ ತುದಿಯಿಂದ ತಿವಿದು ಪಕ್ಕದವನ ಸ್ಲೇಟು ನೋಡೆಂದು ಸೂಚಿಸಿದರೂ ಅವನು ನೋಡಲಿಲ್ಲ. ಉಳಿದವರೆಲ್ಲ ಐದನ್ನೂ ಸರಿ ಬರೆದರು, ದಡ್ಡನಾದವನು ಅವನೊಬ್ಬನೇ. ನಕಲು ಮಾಡಬಾರದು ಎಂದು ಹೇಳಲು ನಾವು ಈ ಕಥೆ ಬಳಸುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಅಲ್ಲಿ ಬೂಟಿನಿಂದ ತಿವಿದವರು ಕೆಟ್ಟ ಮನುಷ್ಯರಲ್ಲ. ಅವರಿಗೂ ಮೇಲಿನವರ ಮುಂದೆ ತರಗತಿಯ ಮಾನ ಉಳಿಯಬೇಕಿತ್ತು. ಫಲಿತಾಂಶದ ಶೇಕಡಾವಾರು ಹಿಡಿದು ಸಭೆಯಲ್ಲಿ ಎದ್ದು ನಿಲ್ಲಬೇಕಾದ ಇಂದಿನ ಶಿಕ್ಷಕರಿಗೆ ಆ ಒತ್ತಡ ಅರ್ಥವಾಗುತ್ತದೆ. ಗಾಂಧೀಜಿಯೂ ಆ ಶಿಕ್ಷಕರ ಮೇಲಿನ ಗೌರವ ತಮಗೆ ಕಡಿಮೆಯಾಗಲಿಲ್ಲ ಎಂದೇ ಬರೆದಿದ್ದಾರೆ. ಆದರೆ ಆ ದಿನ ಸ್ಲೇಟಿನ ಮೇಲೆ ಪ್ರಾಮಾಣಿಕವಾಗಿದ್ದದ್ದು ತಪ್ಪು ಕಾಗುಣಿತ. ಅದನ್ನು ಗುರುತಿಸುವ ಅಳತೆ ತನಿಖಾಧಿಕಾರಿಯ ಹತ್ತಿರ ಇರಲಿಲ್ಲ.

ನಮ್ಮ ಹತ್ತಿರ ಇದೆಯೇ? ಏಪ್ರಿಲ್ ಬಿಸಿಲಲ್ಲಿ ತುಮಕೂರಿನ ಮೌಲ್ಯಮಾಪನ ಕೇಂದ್ರದಲ್ಲಿ ಬಂಡಲ್ ಬಿಚ್ಚಿ ಕೂತಾಗ ಈ ಪ್ರಶ್ನೆ ಜೋರಾಗುತ್ತದೆ. ಹೆಸರಿಲ್ಲ, ಊರಿಲ್ಲ, ಒಂದು ಸಂಕೇತ ಸಂಖ್ಯೆ ಮಾತ್ರ. ಪಕ್ಷಪಾತ ತಡೆಯಲು ಅದು ಬೇಕೇ ಬೇಕು. ಆದರೆ ಅಲ್ಲಿ ನಾನು ಮಗುವಿಗೆ ಪ್ರಶ್ನೆ ಕೇಳಲಾರೆ. ನಾನು ಆಡಬಹುದಾದ ಮಾತು ಒಂದು ಅಂಕಿ ಅಷ್ಟೇ. ಅಂಕಿಯೂ ಮಾತೇ ಎಂದು ನಾನು ನಂಬಿದ್ದೇನೆ, ಹಾಗಾಗಿ ಅದಕ್ಕೂ ಗೀತೆಯ ಆ ಲಕ್ಷಣಗಳೆಲ್ಲ ಅನ್ವಯಿಸುತ್ತವೆ. ಅದು ಸತ್ಯವೇ? 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಹೈಸ್ಕೂಲು ಮಕ್ಕಳ ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ಹಲವು ಶಾಲೆಗಳಿಗೆ ಕಳಿಸಿದ್ದರು. 142 ಶಿಕ್ಷಕರು ತಿದ್ದಿದಾಗ, ನೂರಕ್ಕೆ ಲೆಕ್ಕ ಹಾಕಿದರೆ ಒಂದೇ ಪತ್ರಿಕೆಗೆ ಒಬ್ಬರ ಅಂಕಕ್ಕೂ ಇನ್ನೊಬ್ಬರ ಅಂಕಕ್ಕೂ ಮೂವತ್ತಕ್ಕಿಂತ ಹೆಚ್ಚು ಅಂತರ ಬಿತ್ತು. ನಮ್ಮಲ್ಲಿ ಮಾದರಿ ಉತ್ತರವಿದೆ, ಉಪ ಮುಖ್ಯ ಮೌಲ್ಯಮಾಪಕರು ಮರುಪರಿಶೀಲಿಸುತ್ತಾರೆ, ಅಂತರ ಅಷ್ಟಾಗದು. ಆದರೂ ಪ್ರಬಂಧ ಎಂಬ ಆ ಒಂದು ಪುಟದಲ್ಲಿ ಎರಡೂವರೆಯೋ ಮೂರೋ ಎಂದು ನಿರ್ಧರಿಸುವವಳು ಒಬ್ಬ ದಣಿದ ಹೆಂಗಸು. ಅದನ್ನು ಮರೆತು ಅಂಕವನ್ನು ವಿಧಿಲಿಖಿತದಂತೆ ಮಗುವಿನ ಹಣೆಗೆ ಹಚ್ಚಬಾರದು.

ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕದಲ್ಲೇ ಷೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ಇದೆ. ವೆನಿಸ್ಸಿನ ನ್ಯಾಯಾಲಯದಲ್ಲಿ ವಕೀಲನ ವೇಷದ ಪೋರ್ಷಿಯಾ ಶೈಲಾಕನಿಗೆ ಕರುಣೆಯ ಬಗ್ಗೆ ಹೇಳುವ ಮಾತು. ಮಕ್ಕಳು ಅದನ್ನು ಕಂಠಪಾಠ ಮಾಡುತ್ತಾರೆ, ನಾನು ಬಿಟ್ಟುಹೋದ ಪದಗಳನ್ನು ಎಣಿಸುತ್ತೇನೆ. ಕರುಣೆ ಎಂದರೆ ಅಂಕ ದಾನ ಮಾಡುವುದು ಎಂದು ನಾನು ತಿಳಿದಿಲ್ಲ. ಬರೆಯದ್ದಕ್ಕೆ ಅಂಕ ಕೊಟ್ಟರೆ ಬರೆದವರಿಗೆ ಅನ್ಯಾಯ. ಬರೆದದ್ದನ್ನು ಪೂರ್ತಿ ಓದುವುದೇ ನನ್ನ ಕೈಯಲ್ಲಿರುವ ಕರುಣೆ. ವಕ್ರ ಇಂಗ್ಲಿಷಿನ ಕೆಳಗೆ ಇದೇ ಮಗುವಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇದೆಯೇ ಎಂದು ನೋಡುವುದು, ಇದ್ದರೆ ವಿಷಯಕ್ಕೆ ಮೀಸಲಾದ ಅಂಕವನ್ನು ಕೈಬಿಗಿ ಮಾಡದೆ ಕೊಡುವುದು. ಮಾದರಿ ಉತ್ತರದಲ್ಲೇ ಸೂಕ್ತವಾದ ಬೇರೆ ಉತ್ತರವನ್ನೂ ಪರಿಗಣಿಸಿ ಎಂದಿರುತ್ತದೆ. ಆ ಸಾಲನ್ನು ಸುಸ್ತಾದ ನಾಲ್ಕು ಗಂಟೆಯಲ್ಲೂ ಪಾಲಿಸಬೇಕು.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನದೊಂದು ಕೋರಿಕೆ. ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ, ಮೊಬೈಲಿನ ಸಾಧಕ ಬಾಧಕ ಇರಲಿ. ಆಯ್ಕೆಯಲ್ಲಿ ಒಂದಾದರೂ ಗೈಡಿನಲ್ಲಿ ಸಿಗದ ಪ್ರಶ್ನೆ ಇರಲಿ. ನಿನ್ನ ಮನೆಯಲ್ಲಿ ದಿನಾ ಬಳಸುವ ಒಂದು ವಸ್ತು, ನೀನು ನೋಡುತ್ತಾ ಬೆಳೆದ ಒಂದು ಕೆಲಸ. ಇಂಥದ್ದಕ್ಕೆ ಬರೆಯಲು ಯಾರ ಮಗುವಿಗೂ ಟ್ಯೂಷನ್ ಬೇಡ. ಅಲ್ಲಿಯವರೆಗೆ ಪ್ಯಾಕೇಜನ್ನೂ ಮೂರು ಸಾಲಿನ ನೋಟ್‌ಬುಕ್ಕನ್ನೂ ಜೊತೆಗೇ ನಡೆಸುತ್ತೇನೆ. ನೋಟ್‌ಬುಕ್ಕನ್ನು ಹತ್ತಕ್ಕೆ ಬಂದ ಮೇಲೆ ಶುರುಮಾಡಿದರೆ ತಡ. ಬರುವ ಜೂನ್‌ನಿಂದ ಎಂಟನೆಯ ತರಗತಿಗೂ ಕೊಡೋಣವೆಂದು ಮೇಷ್ಟ್ರನ್ನು ಕೇಳಿದ್ದೇನೆ, ಒಂದು ಸೆಕ್ಷನ್ ತಾವು ನೋಡಿಕೊಳ್ಳುವುದಾಗಿ ಹೇಳಿದ್ದಾರೆ.