ತಿರುವಿನಲ್ಲಿ ಗೆರೆ ತುಳಿದವರಿಗೆ

ಇವತ್ತಿನ ವಾಕ್ಯಭಾಗ 2 ತಿಮೊಥೆಯ 2:5. ನಿಯಮದ ಪ್ರಕಾರ ಓಡದವನಿಗೆ ಕಿರೀಟ ಇಲ್ಲ ಅಂತ ಪೌಲನು ತಿಮೊಥೆಯನಿಗೆ ನೆನಪಿಸ್ತಾನೆ.

ಪಾವೆಲ್ ಮಾಸ್ಲಾಕ್ ಅಂತ ಒಬ್ಬ ಚೆಕ್ ಓಟಗಾರ ಇದ್ದಾರೆ, 400 ಮೀಟರ್ ಓಟದವರು. 2012ರಲ್ಲಿ ಹೆಲ್ಸಿಂಕಿಯಲ್ಲಿ ಯುರೋಪ್ ಚಾಂಪಿಯನ್ ಆದರು. 2014ರಲ್ಲಿ ಸೊಪೊಟ್, 2016ರಲ್ಲಿ ಪೋರ್ಟ್‌ಲ್ಯಾಂಡ್, ಎರಡೂ ಕಡೆ ವಿಶ್ವ ಒಳಾಂಗಣ ಚಿನ್ನ. 2018ರಲ್ಲಿ ಬರ್ಮಿಂಗ್‌ಹ್ಯಾಮ್ ಫೈನಲ್. ಸ್ಪೇನಿನ ಓಸ್ಕಾರ್ ಹುಸಿಯೋಸ್ 44.92 ಸೆಕೆಂಡಿನಲ್ಲಿ ಮೊದಲು ಬಂದರು. ಡೊಮಿನಿಕನ್ ಗಣರಾಜ್ಯದ ಲುಗೆಲಿನ್ ಸಾಂಟೋಸ್ ಎರಡನೆಯವರು. ಮಾಸ್ಲಾಕ್ ಮೂರನೆಯವರು, 45.47.

ಆಮೇಲೆ ತೀರ್ಪು ಬಂತು. ಮುಂದಿದ್ದ ಇಬ್ಬರೂ ಲೇನ್ ಗೆರೆ ತುಳಿದಿದ್ದರಿಂದ ಅನರ್ಹರು! ಚಿನ್ನ ಮಾಸ್ಲಾಕ್‌ಗೆ, ಸತತ ಮೂರನೇ ಸಲ.

ಅವರಿಬ್ಬರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ಒಳಾಂಗಣ ಟ್ರ್ಯಾಕ್ ಒಂದು ಸುತ್ತಿಗೆ 200 ಮೀಟರ್ ಅಷ್ಟೇ. ತಿರುವು ಬಿಗಿ, ಓಟದ ವೇಗ ಜಾಸ್ತಿ. ನೇರ ದಾರಿಯಲ್ಲಿ ಲೇನ್ ಹಿಡಿದು ಓಡೋದು ಸುಲಭ, ಕಷ್ಟ ಇರೋದು ತಿರುವಿನಲ್ಲಿ.

ಪ್ರಿಯರೇ, ನಮ್ಮ ಜೀವಿತದಲ್ಲೂ ಹಾಗೇ ಅಲ್ವಾ? ಭಾನುವಾರ ಆರಾಧನೆಯಲ್ಲಿ ಯಾರೂ ಗೆರೆ ತುಳಿಯಲ್ಲ. ಅಪ್ರೈಸಲ್ ತಿಂಗಳಲ್ಲಿ, ಇಎಂಐ ಕಟ್ಟೋ ದಿನ, ರಾತ್ರಿ ಒಬ್ಬರೇ ಫೋನ್ ಹಿಡಿದಾಗ ಕಾಲು ಜಾರುತ್ತೆ. ನಾನೂ ಜಾರಿದ್ದೀನಿ. ಹಿಂದೆ ಆಫೀಸ್ ಕೆಲಸದಲ್ಲಿದ್ದಾಗ ಹೋಗದ ಪ್ರಯಾಣಕ್ಕೆ ಟ್ಯಾಕ್ಸಿ ಬಿಲ್ ಹಾಕಿ ದುಡ್ಡು ತಗೊಂಡೆ. ಯಾರೂ ಕೇಳಲಿಲ್ಲ. ಆದರೆ ಪ್ರಾರ್ಥನೆಗೆ ಮೊಣಕಾಲೂರಿದರೆ ಬಾಯೇ ಬರ್ತಿರಲಿಲ್ಲ. ಕೊನೆಗೆ ಮ್ಯಾನೇಜರ್ ಹತ್ತಿರ ಒಪ್ಪಿಕೊಂಡು ದುಡ್ಡು ವಾಪಸ್ ಕಟ್ಟಿದೆ. ನಾಚಿಕೆ ಆಯ್ತು, ನಿಜ. ಅವತ್ತು ರಾತ್ರಿ ಮಾತ್ರ ಸಮಾಧಾನದಿಂದ ಪ್ರಾರ್ಥಿಸಿದೆ.

ಈಗಾಗಲೇ ಗೆರೆ ತುಳಿದುಬಿಟ್ಟಿದ್ದೀನಿ ಪಾಸ್ಟರ್, ನನ್ನ ಓಟ ಮುಗೀತು ಅಂತ ಯಾರೋ ಅಂದ್ಕೊಳ್ತಾ ಇದ್ದೀರಿ. ಇನ್ನೊಂದು ವಿಷಯ ಕೇಳಿ. ಅನರ್ಹರಾದ ಅದೇ ಹುಸಿಯೋಸ್ ಓಡೋದನ್ನು ಬಿಡಲಿಲ್ಲ. 2021ರಲ್ಲಿ ಪೋಲೆಂಡಿನ ಟೊರೂನ್‌ನಲ್ಲಿ ಅದೇ 400 ಮೀಟರ್ ಓಡಿ ಯುರೋಪ್ ಒಳಾಂಗಣ ಚಿನ್ನ ಗೆದ್ದರು.

ಮೈದಾನದ ತೀರ್ಪುಗಾರ ಗೆರೆ ನೋಡಿ ಹೊರಗೆ ಕಳಿಸ್ತಾನೆ, ಅದು ಅವನ ಕೆಲಸ. ನಮ್ಮ ನ್ಯಾಯಾಧಿಪತಿಯೂ ಗೆರೆ ಅಳಿಸೋದಿಲ್ಲ. ಆದರೆ ನಮ್ಮ ತಪ್ಪಿನ ಬೆಲೆಯನ್ನು ತಾನೇ ಶಿಲುಬೆಯ ಮೇಲೆ ತೆತ್ತು, ಎದ್ದು ಮತ್ತೆ ಓಡು ಮಗನೇ, ಓಡು ಮಗಳೇ ಅಂತ ಕರೀತಾನೆ. ಹಲ್ಲೆಲೂಯಾ!

ಈ ವಾರ ಯಾರ ಹತ್ತಿರ ಒಪ್ಪಿಕೊಳ್ಳಬೇಕೋ ಹೋಗಿ ಒಪ್ಪಿಕೊಳ್ಳಿ. ಕಣ್ಣು ಮುಚ್ಚಿ, ಪ್ರಾರ್ಥಿಸೋಣ. ಆಮೆನ್.